ಡೆನ್ಜಿಲ್‌ನ ಮೊಣಕಾಲು

ಫುಟ್‌ಬಾಲ್ ಕ್ಲಬ್ಬಿನ ಮೀಸಲು ತಂಡದಲ್ಲಿ ಡೆನ್ಜಿಲ್ ಮತ್ತು ನಿಹಾಲ್ ಒಂದೇ ಸ್ಥಾನದಲ್ಲಿ ಆಡುವವರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಮೂರು ವರ್ಷ ಕಾದ ಮೇಲೆ ಮುಂದಿನ ಸೀಸನ್ನಿಗೆ ಮುಖ್ಯ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಇಬ್ಬರಲ್ಲಿ ಒಬ್ಬ ಮೇಲೆ ಹೋಗುತ್ತಾನೆ, ಇನ್ನೊಬ್ಬನನ್ನು ಕ್ಲಬ್ಬು ಬಿಟ್ಟುಬಿಡುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಪಟ್ಟಿ ಹಾಕುವ ಹಿಂದಿನ ದಿನ ನಿಹಾಲ್ ಕೋಚ್ ಅವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದ.

"ಸರ್, ಡೆನ್ಜಿಲ್ ಮೊಣಕಾಲು ಹಾಳಾಗಿದೆ. ನನ್ನ ಬಿಟ್ಟು ಯಾರಿಗೂ ಹೇಳಿಲ್ಲ."

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು. ದಿನಾ ನಾನೇ ಐಸ್ ಇಟ್ಟು ಬಟ್ಟೆ ಕಟ್ತೀನಿ. ಮೆಟ್ಟಿಲು ಹತ್ತೋವಾಗ ನನ್ನ ಭುಜ ಹಿಡ್ಕೊಂಡೇ ಬರ್ತಾನೆ."

"ನೀನು ಹೇಳಿದ್ದನ್ನ ನಾನು ಹೇಗೆ ನಂಬೋದು?"

ನಿಹಾಲ್ ಜೇಬಿನಿಂದ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಗೆಳೆಯ ಸ್ನಾನಕ್ಕೆ ಹೋಗಿದ್ದಾಗ ಅವನ ಬ್ಯಾಗಿನಿಂದ ತೆಗೆದದ್ದು.

ಕೋಚ್ ಅದನ್ನು ಎರಡು ಸಲ ಓದಿ ಕ್ಲಬ್ಬಿನ ಡಾಕ್ಟರಿಗೆ ಫೋನ್ ಮಾಡಿದರು. ಓದಿ ಹೇಳಿದರು. ಆಮೇಲೆ ಕೇಳಿದರು, "ಆಪರೇಷನ್ ಮಾಡಿದ್ರೆ ಪೂರ್ತಿ ಸರಿಹೋಗುತ್ತಾ? ಸೀಸನ್ ಶುರುವಾಗೋಕೆ ಮುಂಚೆನೇ? ಸರಿ, ನಾಳೆನೇ ಕಳಿಸ್ತೀನಿ."

ಫೋನ್ ಇಟ್ಟು ಅವರು ನಿಹಾಲನ ಕೈ ಕುಲುಕಿದರು.

"ಹೇಳಿದ್ದು ಒಳ್ಳೇದಾಯ್ತು ಕಣಯ್ಯ. ಆರು ತಿಂಗಳಿಂದ ಅವನು ಯಾಕೆ ನಿಧಾನ ಆದ ಅಂತ ಗೊತ್ತಾಗದೆ, ಪಟ್ಟೀಲಿ ನಿನ್ನ ಹೆಸರು ಬರೆದುಬಿಟ್ಟಿದ್ದೆ."