ಹಿತ್ತಲ ಕರಬೂಜ

"ಇದನ್ನ ಕೀಳಲೇಬೇಕಮ್ಮ," ಎಂದರು ಬೀಜದ ಕಂಪನಿಯ ಸೂಪರ್‌ವೈಸರ್. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅತ್ತೆಯ ಕರಬೂಜದ ಬಳ್ಳಿ ಯಾರ ಗೊಡವೆಯೂ ಇಲ್ಲದೆ ಹಬ್ಬಿತ್ತು. ಮನೆ ಮುಂದಿನ ಹೊಲದಲ್ಲಿ ಕಂಪನಿಗೆ ಕರಬೂಜದ ಬೀಜ ಬೆಳೆದುಕೊಡುತ್ತೇನೆಂದು ಸಹಿ ಹಾಕಿದ್ದವಳು ಸೊಸೆಯೇ.

ಸೂಪರ್‌ವೈಸರ್ ನಿಯಮವನ್ನು ಬಿಡಿಸಿ ಹೇಳಿದರು. ಅರ್ಧ ಕಿಲೋಮೀಟರ್ ಒಳಗೆ ಬೇರೆ ತಳಿಯ ಒಂದು ಹೂವೂ ಇರಕೂಡದು. ಜೇನುಹುಳ ಇಲ್ಲಿಯ ಪರಾಗವನ್ನು ಅಲ್ಲಿಗೆ ಒಯ್ದರೆ ತಳಿ ಕೆಡುತ್ತದೆ. ಸರ್ಕಾರದ ತಪಾಸಣೆಯಲ್ಲಿ ಇಡೀ ಹೊಲದ ಬೀಜ ತಿರಸ್ಕಾರವಾಗುತ್ತದೆ.

"ಜೇನಿಗೇ ಒಂದ್ ಮಾತು ಹೇಳಿ ನೋಡಬಾರದಾ?" ಎಂದರು ಅತ್ತೆ. ಯಾರೂ ನಗಲಿಲ್ಲ.

ಆ ತಳಿ ಅತ್ತೆಯ ಜೊತೆ ತವರಿನಿಂದ ಬಂದದ್ದು. ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಅವರಮ್ಮ ಕೊಟ್ಟ ಬೀಜ. ಆಗೆಲ್ಲ ಬಿತ್ತನೆ ಹತ್ತಿರವಾದರೆ ಬೀದಿಯ ಹೆಂಗಸರು ಇವರ ಅಡುಗೆಮನೆಗೆ ಬರುತ್ತಿದ್ದರು. ಬೀಜ ಕೇಳುವ ನೆಪದಲ್ಲಿ ಊರ ಸುದ್ದಿಯನ್ನೆಲ್ಲ ಜಾಲಾಡಿ, ಹೊತ್ತು ಮುಳುಗಿದ ಮೇಲೆ ಎದ್ದು ಹೋಗುತ್ತಿದ್ದರು. ಎಷ್ಟು ಚೆನ್ನಾಗಿತ್ತು ಆ ಕಾಲ. ಈಗ ಬೀಜ ಪೊಟ್ಟಣದಲ್ಲಿ ಬರುತ್ತದೆ, ಪೊಟ್ಟಣದ ಜೊತೆ ಯಾರೂ ಬರುವುದಿಲ್ಲ. ಸುತ್ತಲ ಹೊಲಗಳೆಲ್ಲ ಕಂಪನಿಯ ಬೆಳೆಗೇ ಹೋಗಿ, ಆ ತಳಿ ಈ ಹಿತ್ತಲಲ್ಲಿ ಮಾತ್ರ ಉಳಿದಿತ್ತು.

"ನೀವು ಬೇಡ ಅಂದ್ರೆ ಒಪ್ಪಂದ ಬಿಟ್ಟುಬಿಡ್ತೀನಿ ಅತ್ತೆ," ಎಂದಳು ಸೊಸೆ ಮೆಲ್ಲಗೆ.

ಅತ್ತೆ ಅವಳ ಬಿರುಕುಬಿಟ್ಟ ಅಂಗೈ ನೋಡಿದರು. ಹುಚ್ಚಿ ಎಂದು ಗದರಿ, ಬಾಗಿ, ಬಳ್ಳಿಯನ್ನು ಬುಡಸಮೇತ ತಾವೇ ಕಿತ್ತರು. ಅದರಲ್ಲಿ ಹಣ್ಣಾಗಿದ್ದದ್ದು ಒಂದೇ. ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಅದನ್ನೂ ಹೆಚ್ಚಿ ಮೂವರಿಗೂ ಹಂಚಿದರು.

ಮೊದಲ ಹೋಳಿಗೇ ಸೂಪರ್‌ವೈಸರ್ ಮುಖ ಮೆತ್ತಗಾಯಿತು. "ನಮ್ಮಜ್ಜಿ ಮನೇಲಿ ಇದೇ ವಾಸನೆ ಬರ್ತಿತ್ತಮ್ಮ. ಒಳಗಡೆ ಹಣ್ಣು ಹೆಚ್ಚಿದ್ರೆ ಬೀದೀಲಿ ಆಡ್ತಿದ್ದ ನಮಗೆ ಗೊತ್ತಾಗೋದು." ಆಮೇಲೆ ತಲೆ ತಗ್ಗಿಸಿ, ನಾಲ್ಕು ಬೀಜ ಸಿಗುತ್ತದೆಯೇ ಎಂದು ಕೇಳಿದರು.

"ನಿಮ್ಮನೆ ಸುತ್ತ ಕಂಪನಿ ಹೊಲ ಇದ್ಯಾ?"

"ಇಲ್ಲಮ್ಮ, ಪೇಟೆ ಮನೆ. ತಾರಸಿ ಮೇಲೆ ಒಂದಷ್ಟು ಕುಂಡ ಇವೆ, ಅಷ್ಟೇ."

ಅತ್ತೆ ತಟ್ಟೆಯಲ್ಲಿದ್ದ ಬೀಜವನ್ನಷ್ಟೂ ತೊಳೆದು, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಅವರ ಕೈಗಿಟ್ಟರು. ತಮಗೆಂದು ಒಂದನ್ನೂ ಉಳಿಸಿಕೊಳ್ಳಲಿಲ್ಲ.

"ಮನೆಗೆ ಹೋದ ತಕ್ಷಣ ಬಿಚ್ಚಿ ನೆರಳಲ್ಲಿ ಒಣಗಿಸಿ. ಬಿತ್ತನೆ ಹೊತ್ತಿಗೆ ಬೀಜ ಕೇಳ್ಕೊಂಡು ನಾನೇ ಬರ್ತೀನಿ," ಎಂದರು. "ಬೇಗ ಕೊಟ್ಟು ಕಳಿಸಿಬಿಡಬೇಡಿ. ಸ್ವಲ್ಪ ಹೊತ್ತು ಕೂರಿಸ್ಕೊಳ್ಳಿ."