ಅಮ್ಮ ಯಾರ ಕಡೆ?

ಅಕ್ಕ ಕುರ್ಚಿಯನ್ನು ದರದರನೆ ಎಳೆದು ಅಮ್ಮನ ತಲೆಯ ಬಳಿ ಹಾಕಿಕೊಂಡು ಕೂತಳು. ತಂಗಿಯ ಪಕ್ಕ ಕೂರುವುದಕ್ಕಿಂತ ಅದೇ ವಾಸಿ. ಕಣ್ಣು ಮುಚ್ಚಿ, ತಂಗಿಗೆ ಚೆನ್ನಾಗಿ ಕೇಳಿಸುವಷ್ಟು ಮೆಲ್ಲಗೆ ಪ್ರಾರ್ಥನೆ ಶುರು ಮಾಡಿದಳು.

ಇವತ್ತೊಂದು ದಿನ ಕಳೆದರೆ ಅಮ್ಮ ಉಳಿಯುತ್ತಾಳೆಂದು ಡಾಕ್ಟರು ಹೇಳಿದ್ದರು. ಮಾತಿಗೆ ಅವಳಲ್ಲಿ ತ್ರಾಣವಿರಲಿಲ್ಲ. ಮೂಗಿಗೆ ಆಕ್ಸಿಜನ್ ಕೊಳವೆ. ಆಕ್ಸಿಜನ್ ಹಾದುಬರುವ, ಗೋಡೆಯ ಮೇಲಿನ ನೀರಿನ ಬಾಟಲಿ ಬೆಳಗ್ಗೆಯೆಲ್ಲ ಗುಳುಗುಳು ಅಂದಿತ್ತು.

"ನಿನಗೋಸ್ಕರಾನೂ ಬೇಡ್ಕೊಂಡೆ ಕಣೇ," ಅಕ್ಕ ಕಣ್ಣು ತೆರೆದಳು. "ನಿಂಗೆ ನಂಬಿಕೆ ಇಲ್ದಿದ್ರೂ."

"ಥ್ಯಾಂಕ್ಸ್ ಅಕ್ಕ. ನಿನ್ನ ಪಾಲಿನ ಯೋಚನೆ ನಾನು ಮಾಡಿದೀನಿ. ನಿಂಗೆ ಅಭ್ಯಾಸ ಇಲ್ವಲ್ಲ."

ಇಬ್ಬರ ತುಟಿಯಲ್ಲೂ ಒಂದೇ ಜಿಗುಟು ನಗೆ. ಸಾಯುವವಳ ಮಂಚದ ಬಳಿ ಅದನ್ನು ನೋಡಿದರೆ ಯಾರಿಗಾದರೂ ವಾಕರಿಕೆ ಬರಬೇಕು.

"ಕೋಣೇಲಿ ಎಂಥಾ ಶಾಂತಿ ಬಂತು ನೋಡು," ಅಂದಳು ಅಕ್ಕ. "ನಿನ್ನಂಥವರಿಗೂ ಗೊತ್ತಾಗ್ಬೇಕು."

"ಗೊತ್ತಾಯ್ತು. ನೀನು ಬಾಯಿ ಮುಚ್ಚಿದ್ಮೇಲೆ ಬಂತು."

ದೇವರಿದ್ದಾನೋ ಇಲ್ಲವೋ ಅಮ್ಮ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹಾಗಾಗಿ ಇಬ್ಬರೂ ಅವಳನ್ನು ತಮ್ಮ ಕಡೆಗೇ ಸೇರಿಸಿಕೊಂಡಿದ್ದರು. ಈಗ ಅವಳ ಕಣ್ಣು ಅಗಲವಾಗಿ ತೆರೆಯಿತು. ಕೈ ಮೇಲೆದ್ದಿತು. ಬೆರಳು ಅಕ್ಕನತ್ತ ಚಾಚಿತು.

"ನೋಡಿದ್ಯಾ? ನನ್ನನ್ನೇ ತೋರಿಸ್ತಿದಾಳೆ! ಅಮ್ಮಾ, ನಿನ್ನ ಆಶೀರ್ವಾದ ಗೊತ್ತಾಯ್ತು ನಂಗೆ!"

"ಆಶೀರ್ವಾದವಂತೆ! ಇವಳನ್ನ ಇಲ್ಲಿಂದ ಎಬ್ಬಿಸು ಅಂತಿದಾಳೆ."

"ಛೆ, ಪಾಪ. ಹೊಟ್ಟೆಕಿಚ್ಚು ಬೇಡ ಕಣೇ. ನಿಂಗೂ ಒಳ್ಳೇದಾಗ್ಲಿ."

ಬೆರಳು ಮತ್ತೆ ಮತ್ತೆ ಅಕ್ಕನತ್ತಲೇ ಕುಕ್ಕಿತು. ಅಕ್ಕ ಹೆಮ್ಮೆಯಿಂದ ಇನ್ನಷ್ಟು ಒತ್ತಿ ಕೂತಳು. ತಂಗಿ ಮುಖ ಸಿಂಡರಿಸಿಕೊಂಡು ಮೊಬೈಲು ತೆಗೆದಳು. ಸ್ವಲ್ಪ ಹೊತ್ತಿಗೆ ಕೈ ಹಾಸಿಗೆಗೆ ಬಿತ್ತು.

"ಈಗ ಸಮಾಧಾನ ಆಯ್ತು ಅಮ್ಮಂಗೆ. ಪ್ರಾರ್ಥನೆ ಫಲಿಸ್ತು."

"ಇಂಜೆಕ್ಷನ್ ಮಂಪರು ಅಕ್ಕ ಅದು. ಫಲ ಅದರದ್ದು."

ಬಾಗಿಲಲ್ಲಿ ಕಾಣಿಸಿಕೊಂಡ ನರ್ಸು ಬಾಟಲಿ ನೋಡಿದಳು. ಅಮ್ಮನನ್ನು ನೋಡಿದಳು. ಓಡಿಬಂದು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ, ಕುರ್ಚಿಯನ್ನು ಒದ್ದು ಪಕ್ಕಕ್ಕೆ ತಳ್ಳಿದಳು.

ಕುರ್ಚಿಯ ಕಾಲಡಿ ಅಪ್ಪಚ್ಚಿಯಾಗಿದ್ದ ಕೊಳವೆ ಮೆಲ್ಲಗೆ ಉಬ್ಬಿತು, ಬಾಟಲಿ ಮತ್ತೆ ಗುಳುಗುಳು ಅಂದಿತು, ಅಮ್ಮ ಅಲುಗಲಿಲ್ಲ.