ತಣ್ಣೀರಿನ ನೇಮ

ಬೆಳಗಿನ ಪೂಜೆಯಲ್ಲಿ ಎಡಗೈಯ ಬೆರಳುಗಳು ಸೋತು ಇಷ್ಟಲಿಂಗ ಜಾರಿದ್ದು ಕಾಶವ್ವನಿಗೆ ಗೊತ್ತಾಯಿತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣ ಇಟ್ಟುಕೊಳ್ಳಬಾರದೆಂದು ಕೇಳುತ್ತ ಬೆಳೆದವಳು ಅವಳು. ಕಣ್ಣು ಮುಚ್ಚಿಕೊಂಡೇ, ಅದು ಕಲ್ಲುಹಾಸಿನ ಮೇಲೆ ಬೀಳುವ ಸಪ್ಪಳಕ್ಕಾಗಿ ಕಾದಳು. ಸಪ್ಪಳ ಬರಲಿಲ್ಲ.

ಕಣ್ಣು ತೆರೆದರೆ, ಗಂಡ ಗುರುಶಾಂತಪ್ಪ ಪಕ್ಕದಲ್ಲಿ ಕುಳಿತು ಅವಳ ಕೈಯ ಕೆಳಗೆ ತನ್ನ ಕೈ ಚಾಚಿದ್ದ. ಇನ್ನೊಬ್ಬರ ಲಿಂಗ ಮುಟ್ಟಬಾರದೆಂದು ಅಂಗೈ ಮೇಲೆ ಹೆಗಲಿನ ವಲ್ಲಿ ಹಾಸಿಕೊಂಡಿದ್ದ. ಲಿಂಗ ಅದರ ಮೇಲಿತ್ತು.

"ಯಾವಾಗಿಂದ ಹಿಂಗ ಕುಂದರ್ತೀರಿ?"

"ದೀಪಾವಳಿ ಆದಾಗಿಂದ." ಆಮೇಲೆ ತಪ್ಪು ಒಪ್ಪಿಕೊಳ್ಳುವವನಂತೆ ಹೇಳಿದ: "ಇದು ನಾಕನೇ ಸಲ. ಬೆರಳು ಮರಗಟ್ಟಿರ್ತಾವ, ನಿನಗ ಗೊತ್ತಾಗಿದ್ದು ಇವತ್ತೇ. ಮೆತ್ತಗ ಮತ್ತ ಇಡ್ತಿದ್ದೆ."

ಕಾಶವ್ವ ಗಂಟುಗಂಟಾಗಿ ಬಾತ ತನ್ನ ಕೈಗಳನ್ನು ನೋಡಿಕೊಂಡಳು. ತಣ್ಣೀರು ಬಿಡಮ್ಮ, ದಿನಾ ಬಿಸಿನೀರಲ್ಲಿ ಕೈ ಅದ್ದು ಎಂದು ಕಲಬುರಗಿಯಲ್ಲಿ ನಿಜಾಮ ಸರ್ಕಾರದ ದವಾಖಾನೆಯ ಹಕೀಮರು ಹೇಳಿ ಎರಡು ವರ್ಷವಾಗಿತ್ತು. ಪೂಜೆಗೆ ಮುಂಚೆ ಮೈಸುಖ ನೋಡಬಾರದೆಂದು ಅವಳು ಕಮಲಾಪುರದ ಈ ಚಳಿಯಲ್ಲೂ ಬಾವಿಯ ನೀರನ್ನೇ ಹೊಯ್ದುಕೊಳ್ಳುತ್ತಿದ್ದಳು. ನೇಮ ಒಂದು ದಿನವೂ ತಪ್ಪಿಲ್ಲವೆಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಲೂ ಇದ್ದಳು.

ಗುರುಶಾಂತಪ್ಪ ವಲ್ಲಿಯಿಂದ ಲಿಂಗವನ್ನು ಅವಳ ಅಂಗೈಗೆ ಜಾರಿಸಿದ. ತನ್ನ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಬೆರಳುಗಳೂ ಚಳಿಗೆ ಸೆಟೆದಿರುವುದನ್ನು ಅವಳು ಮೊದಲ ಸಲ ಕಂಡಳು.

"ನಾಳಿಗಿ ನೀರು ಕಾಸ್ರಿ," ಎಂದಳು.